ಮಾಂಸಕ್ಕೊಂದು ಉರಿ, ಸೊಪ್ಪಿಗೊಂದು ಉರಿ

ಓದುಗರ ಅಡುಗೆ ಪ್ರಶ್ನೆಗಳು. ಈ ಸಲ: ಸೊಪ್ಪಿನ ಪದರದ ಬೀಫ್ ರೋಸ್ಟ್, ಅಂದರೆ ಇಡೀ ತುಂಡು ಬೇಯಿಸಿ ಮೇಲೆ ಸೊಪ್ಪು-ಬ್ರೆಡ್ ಪುಡಿ ಮೆತ್ತಿ ಗರಿಯಾಗಿಸಿದ್ದು

ಬೀಫ್ ರೋಸ್ಟ್ ಬಗ್ಗೆ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಹೊರದೇಶದ ಕನ್ನಡಿಗರವು; ಕರಾವಳಿಯಿಂದ, ಬೆಂಗಳೂರಿನಿಂದಲೂ ಬಂದಿವೆ. ಊರು ಬೇರೆ, ಒಲೆ ಬೇರೆ, ಎಡವಟ್ಟು ಮಾತ್ರ ಹೆಚ್ಚುಕಡಿಮೆ ಒಂದೇ. ಒಳಗಿನ ಮಾಂಸವನ್ನೂ ಮೇಲಿನ ಸೊಪ್ಪನ್ನೂ ಒಂದೇ ಉರಿಯಲ್ಲಿ, ಒಂದೇ ಹೊತ್ತಿಗೆ ಬೇಯಿಸಲು ಹೊರಡುತ್ತಾರೆ. ಮಾಂಸಕ್ಕೆ ಸಣ್ಣ ಉರಿ, ತುಂಬ ಹೊತ್ತು ಬೇಕು. ಸೊಪ್ಪು-ಬ್ರೆಡ್ಡಿಗೆ ಜೋರು ಉರಿ, ಹತ್ತೇ ನಿಮಿಷ ಸಾಕು. ಕೆಳಗಿನ ಉತ್ತರಗಳಲ್ಲಿ ಈ ಮಾತು ಮತ್ತೆ ಮತ್ತೆ ಬಂದರೆ ಬೇಸರಿಸಬೇಡಿ.

ಪ್ರಶ್ನೆ: ಡಿಸೆಂಬರ್ ರಜೆಗೆ ಎಂಟು ಜನ ಊಟಕ್ಕೆ ಬರುತ್ತಾರೆ. ಚಿಕನ್, ಮಟನ್ ಮಾಡಿ ಅಭ್ಯಾಸವಿದೆ, ಇಡೀ ತುಂಡು ಬೀಫ್ ಇದೇ ಮೊದಲು. ಯಾವ ಭಾಗ ಕೊಳ್ಳಬೇಕು, ಎಷ್ಟು ಉಪ್ಪು, ಎಷ್ಟು ಹೊತ್ತು? ಮೊದಲಿಂದ ಕೊನೆಯವರೆಗೂ ಬಿಡಿಸಿ ಬರೆಯಿರಿ. (ನ್ಯೂಜೆರ್ಸಿ)

ಉತ್ತರ: ಎಂಟು ಜನಕ್ಕೆ ಮೂಳೆಯಿಲ್ಲದ 2 ಕೆ.ಜಿ. ಬೇಕು. ನಿಮ್ಮ ಅಂಗಡಿಯ ಲೆಕ್ಕದಲ್ಲಿ ನಾಲ್ಕೂವರೆ ಪೌಂಡ್. ದುಡ್ಡಿನ ಯೋಚನೆ ಇಲ್ಲದಿದ್ದರೆ ಮೂಳೆ ಬಿಡಿಸಿದ ರಿಬ್ ರೋಸ್ಟ್ ತನ್ನಿ. ಅಷ್ಟು ಬೇಡವೆಂದರೆ ಟಾಪ್ ಸರ್ಲಾಯಿನ್ (ಸೊಂಟದ ಭಾಗ) ರೋಸ್ಟ್. ಮೊದಲ ಸಲಕ್ಕೆ ನಾವು ಇದನ್ನೇ ಹೇಳುತ್ತೇವೆ. ಟಾಪ್ ರೌಂಡ್ (ಹಿಂತೊಡೆಯ ಒಳಭಾಗ) ಇನ್ನೂ ಅಗ್ಗ, ರುಚಿಗೂ ಮೋಸವಿಲ್ಲ, ಆದರೆ ತೀರಾ ತೆಳ್ಳಗೆ ಕೊಯ್ದರಷ್ಟೇ ಹಲ್ಲಿಗೆ ಒಗ್ಗುತ್ತದೆ. ಚಕ್ (ಭುಜ), ಬ್ರಿಸ್ಕೆಟ್ (ಎದೆ) ಕಡೆ ಕೈ ಹಾಕಬೇಡಿ. ಅವುಗಳ ನಾರು ಕರಗಬೇಕಾದರೆ ಒಳಗಡೆ 90 ಡಿಗ್ರಿ ಸೆಲ್ಸಿಯಸ್ ಹತ್ತಿರ ಗಂಟೆಗಟ್ಟಲೆ ಇರಬೇಕು, ಅದು ಬೇರೆಯದೇ ಅಡುಗೆ. ಎಲ್ಲಕ್ಕಿಂತ ಮುಖ್ಯವಾದದ್ದು ಆಕಾರ. ಒಂದು ತುದಿ ದಪ್ಪ, ಇನ್ನೊಂದು ತುದಿ ತೆಳ್ಳಗಿದ್ದರೆ ತೆಳುವಾದದ್ದು ಒಣಗಿದ ಮೇಲೇ ದಪ್ಪದ್ದು ಬೇಯುತ್ತದೆ. 10-12 ಸೆಂ.ಮೀ. ದಪ್ಪ, ಉದ್ದಕ್ಕೂ ಒಂದೇ ಸಮ ಇರುವ ತುಂಡು ಆರಿಸಿ. ಅಂಥದ್ದು ಸಿಗದಿದ್ದರೆ ಹತ್ತಿ ದಾರದಿಂದ ಮೂರು-ನಾಲ್ಕು ಸೆಂ.ಮೀ.ಗೆ ಒಂದರಂತೆ ಕಟ್ಟಿ ದುಂಡಗೆ ಮಾಡಿಕೊಳ್ಳಿ.

ಹಿಂದಿನ ದಿನದ ಕೆಲಸ ಉಪ್ಪು. ಒಂದು ಕೆ.ಜಿ.ಗೆ 13 ಗ್ರಾಂ, 2 ಕೆ.ಜಿ.ಗೆ 26 ಗ್ರಾಂ. ಇದನ್ನು ತೂಗಿಯೇ ಹಾಕಿ. ಪುಡಿ ಉಪ್ಪಿನ ಒಂದು ಟೀ ಚಮಚ ಸುಮಾರು 6 ಗ್ರಾಂ ತೂಗಿದರೆ, ಅಲ್ಲಿ ಸಿಗುವ ಹಗುರ ಹರಳಿನ ಕೋಷರ್ ಉಪ್ಪು ಅದರ ಅರ್ಧದಷ್ಟೂ ತೂಗುವುದಿಲ್ಲ. ಚಮಚದ ಲೆಕ್ಕ ನಂಬಿದವರು ಒಂದೋ ಸಪ್ಪೆ ತಿನ್ನುತ್ತಾರೆ, ಇಲ್ಲವೇ ಉಪ್ಪಿನಕಾಯಿ ತಿನ್ನುತ್ತಾರೆ. ಎಲ್ಲ ಬದಿಗೂ ತಿಕ್ಕಿ, ಟ್ರೇ ಮೇಲೆ ಜಾಲರಿ ಇಟ್ಟು, ಅದರ ಮೇಲೆ ಮಾಂಸವಿಟ್ಟು, ಏನನ್ನೂ ಮುಚ್ಚದೆ 18ರಿಂದ 24 ಗಂಟೆ ಫ್ರಿಜ್ಜಿನ ಕೆಳಗಿನ ತಟ್ಟಿನಲ್ಲಿ ಬಿಡಿ. ಉಪ್ಪು ಮೊದಲು ನೀರು ಬಿಡಿಸುತ್ತದೆ, ಆ ಉಪ್ಪುನೀರು ನಿಧಾನಕ್ಕೆ ಒಳಗೇ ಹಿಂಗುತ್ತದೆ, ಅಷ್ಟರಲ್ಲಿ ಮೇಲ್ಮೈ ಒಣಗುತ್ತದೆ. ಮರುದಿನ ಮುಟ್ಟಿ ನೋಡಿದರೆ ಒಣ ಚರ್ಮದ ಹಾಗಿರಬೇಕು. ಈ ಒಣಗುವಿಕೆಯೇ ಮುಂದೆ ಸೊಪ್ಪು ಕಚ್ಚಿಕೊಳ್ಳಲು ಆಧಾರ.

ಒಲೆಗಿಡುವ ಮುಂಚೆ ಒಂದು ಗಂಟೆ ಹೊರಗಿಟ್ಟು ಬೆಚ್ಚಗಾಗಿಸಿ ಎನ್ನುವ ಸಲಹೆ ಎಲ್ಲೆಡೆ ಇದೆ. ಇಷ್ಟು ದೊಡ್ಡ ತುಂಡಿನ ನಡುಭಾಗ ಒಂದು ಗಂಟೆಯಲ್ಲಿ ಏರುವುದು ಕೆಲವೇ ಡಿಗ್ರಿ. ಬಿಟ್ಟರೂ ನಷ್ಟವಿಲ್ಲ.

ಓವನ್ 250 ಫ್ಯಾರನ್‌ಹೀಟ್, ಅಂದರೆ 120 ಸೆಲ್ಸಿಯಸ್. ಥರ್ಮಾಮೀಟರಿನ ಮೊನೆ ಮಾಂಸದ ಸರಿಯಾದ ನಡುವಿಗೆ ಬರುವಂತೆ ಚುಚ್ಚಿ, ಮಧ್ಯದ ತಟ್ಟಿನಲ್ಲಿಡಿ. ಒಳಗೆ ನಸುಗೆಂಪು ಬೇಕೆಂದರೆ 49-50 ಡಿಗ್ರಿ ಸೆಲ್ಸಿಯಸ್‌ಗೆ ಹೊರತೆಗೆಯಿರಿ. ಬರೀ ಗುಲಾಬಿ ಛಾಯೆ ಸಾಕೆಂದರೆ 56ಕ್ಕೆ. ಎರಡರಿಂದ ಮೂರು ಗಂಟೆ ಹಿಡಿಯುತ್ತದೆ. ಒಂದೂವರೆ ಗಂಟೆಯಿಂದಲೇ ಕಣ್ಣಿಟ್ಟಿರಿ. ಕೆ.ಜಿ.ಗೆ ಇಷ್ಟು ನಿಮಿಷ ಎಂಬ ಲೆಕ್ಕಕ್ಕೆ ಇಲ್ಲಿ ಬೆಲೆಯಿಲ್ಲ. ಬೇಯುವ ಹೊತ್ತನ್ನು ತೀರ್ಮಾನಿಸುವುದು ತೂಕಕ್ಕಿಂತ ಹೆಚ್ಚಾಗಿ ದಪ್ಪ. ಅದೇ 2 ಕೆ.ಜಿ. ಉದ್ದಗೆ ತೆಳ್ಳಗಿದ್ದರೆ ಬೇಗ ಬೆಂದುಬಿಡುತ್ತದೆ.

ಹೊರತೆಗೆದ ಮಾಂಸ 25 ನಿಮಿಷ ಸುಮ್ಮನಿರಲಿ. ಆ ಬಿಡುವಿನಲ್ಲಿ ಓವನನ್ನು 475 ಫ್ಯಾರನ್‌ಹೀಟ್‌ಗೆ (245 ಸೆಲ್ಸಿಯಸ್) ಏರಿಸಿ, ಪದರಕ್ಕೆ ಬೇಕಾದ್ದನ್ನು ಕಲಸಿ: ಸಣ್ಣಗೆ ಹೆಚ್ಚಿದ ಪಾರ್ಸ್ಲಿ ಒಂದು ಕಪ್, ರೋಸ್‌ಮೆರಿ ಎರಡು ದೊಡ್ಡ ಚಮಚ, ಥೈಮ್ ಒಂದು ದೊಡ್ಡ ಚಮಚ, ತುರಿದ ಬೆಳ್ಳುಳ್ಳಿ ನಾಲ್ಕು ಎಸಳು, ಒಣ ಬ್ರೆಡ್ ಪುಡಿ ಮುಕ್ಕಾಲು ಕಪ್, ಕರಗಿಸಿದ ಬೆಣ್ಣೆ ಮೂರು ದೊಡ್ಡ ಚಮಚ, ಕುಟ್ಟಿದ ಕಾಳುಮೆಣಸು ಒಂದು ಟೀ ಚಮಚ, ಅರ್ಧ ನಿಂಬೆಯ ಸಿಪ್ಪೆ ತುರಿ. ಉಪ್ಪು ಒಂದೇ ಚಿಟಿಕೆ, ಮಾಂಸದಲ್ಲಿ ಆಗಲೇ ಇದೆ. ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗಬೇಕು, ಬೆರಳಲ್ಲಿ ಮುಟ್ಟಿದರೆ ಉದುರಬೇಕು. ಒದ್ದೆ ಮರಳಿನ ಹದ. ಗಟ್ಟಿಯಾದರೆ ಇನ್ನೊಂದು ಚಮಚ ಬೆಣ್ಣೆ, ಪಿಚಪಿಚ ಎಂದರೆ ಇನ್ನಷ್ಟು ಬ್ರೆಡ್ ಪುಡಿ.

ದಾರ ಬಿಚ್ಚಿ, ಮಾಂಸದ ಮೇಲಿನ ತೇವವನ್ನು ಕಾಗದದಿಂದ ಒತ್ತಿ ತೆಗೆದು, ಡಿಜೋನ್ ಸಾಸಿವೆ ಪೇಸ್ಟನ್ನು ಎರಡು ದೊಡ್ಡ ಚಮಚದಷ್ಟು ತೆಳುವಾಗಿ ಸವರಿ. ಅದು ಅಂಟು, ಚಟ್ನಿ ಅಲ್ಲ. ಕೆಳಗಿನ ಮಾಂಸ ಕಾಣುವಷ್ಟು ತೆಳ್ಳಗಿರಲಿ. ಕಲಸಿದ್ದನ್ನು ಮೇಲೆ ಮತ್ತು ಮುಕ್ಕಾಲು ಭಾಗದವರೆಗೆ ಪಕ್ಕಗಳಿಗೆ ಅಂಗೈಯಿಂದ ಒತ್ತಿ, ನಾಲ್ಕೈದು ಮಿ.ಮೀ. ದಪ್ಪಕ್ಕೆ. ತಳಕ್ಕೆ ಬೇಡ, ಅಲ್ಲಿ ರಸ ಕುಡಿದು ಮೆತ್ತಗಾಗುತ್ತದೆ. ಕಾದ ಓವನ್ನಿನಲ್ಲಿ 8ರಿಂದ 10 ನಿಮಿಷ. ಬಣ್ಣ ಹೊಂಬಣ್ಣಕ್ಕೆ ತಿರುಗಿದ ಕೂಡಲೇ ತೆಗೆಯಿರಿ. ಸುಮ್ಮನಿದ್ದಾಗ, ಮತ್ತೆ ಓವನ್ನಿನಲ್ಲಿದ್ದಾಗ, ಹೀಗೆ ಎರಡೂ ಸೇರಿ ಒಳಗಿನ ಬಿಸಿ ಇನ್ನೂ ನಾಲ್ಕಾರು ಡಿಗ್ರಿ ಏರಿರುತ್ತದೆ. 50ಕ್ಕೆ ತೆಗೆದದ್ದು 55ರ ಆಸುಪಾಸಿಗೆ ಬಂದು ನಿಲ್ಲುತ್ತದೆ. ಅಮೆರಿಕದ ಕೃಷಿ ಇಲಾಖೆ ಇಡೀ ತುಂಡಿಗೆ ಹೇಳುವುದು 63 ಡಿಗ್ರಿ, ಆಮೇಲೆ ಮೂರು ನಿಮಿಷ ಬಿಡುವು. ಅದನ್ನೇ ಪಾಲಿಸುವುದಾದರೆ ಮೊದಲ ಹಂತವನ್ನು 59ರವರೆಗೆ ಎಳೆಯಿರಿ, ಕೊನೆಯಲ್ಲಿ ಥರ್ಮಾಮೀಟರಿನಿಂದ 63 ಆಗಿದೆಯೇ ನೋಡಿಕೊಳ್ಳಿ.

ಕೊಯ್ಯುವಾಗ ಮೊದಲು ಬ್ರೆಡ್ ಕೊಯ್ಯುವ ಹಲ್ಲಿನ ಚಾಕುವಿನಿಂದ ಪದರವನ್ನು ಗರಗಸದಂತೆ ಸೀಳಿ, ಆಮೇಲೆ ಹರಿತ ಚಾಕುವಿನಿಂದ ಮಾಂಸಕ್ಕಿಳಿಯಿರಿ. ಎಳೆ ಯಾವ ಕಡೆಗೆ ಓಡುತ್ತದೆಂದು ಉಪ್ಪು ಹಚ್ಚುವಾಗಲೇ ನೋಡಿಟ್ಟುಕೊಂಡಿದ್ದರೆ ಒಳ್ಳೆಯದು. ಸೊಪ್ಪು ಮುಚ್ಚಿದ ಮೇಲೆ ಕಾಣುವುದಿಲ್ಲ. ಎಳೆಗೆ ಅಡ್ಡಲಾಗಿಯೇ ಕೊಯ್ಯಬೇಕು.

ಪ್ರಶ್ನೆ: 1.4 ಕೆ.ಜಿ. ಟಾಪ್‌ಸೈಡ್‌ಗೆ (ಅಮೆರಿಕದವರ ಟಾಪ್ ರೌಂಡ್) ರೋಸ್‌ಮೆರಿ, ಬೆಳ್ಳುಳ್ಳಿ, ಬ್ರೆಡ್ ಪುಡಿ ಮೆತ್ತಿ 200 ಡಿಗ್ರಿ ಫ್ಯಾನ್ ಓವನ್ನಿನಲ್ಲಿ ಒಂದು ಗಂಟೆ ಇಟ್ಟೆ. ಮೇಲೆ ಇದ್ದಿಲು, ಕಹಿ. ಒಳಗೆ ನಡುವಲ್ಲಿ ತಣ್ಣಗೆ, ಹಸಿ. ಕೊಯ್ಯಲು ಹೋದರೆ ಪದರ ಒಂದೇ ಚಪ್ಪಡಿಯಾಗಿ ಜಾರಿ ತಟ್ಟೆಗೆ ಬಿತ್ತು. ಮೂರೂ ಒಟ್ಟಿಗೆ ಹೇಗಾಯಿತು? (ಮ್ಯಾಂಚೆಸ್ಟರ್)

ಉತ್ತರ: ಮೂರಕ್ಕೂ ಬೇರೆ ಬೇರೆ ಕಾರಣ. ಸುಟ್ಟದ್ದು ಬೆಳ್ಳುಳ್ಳಿ ಮತ್ತು ಬ್ರೆಡ್. 200 ಡಿಗ್ರಿಯಲ್ಲಿ ಬ್ರೆಡ್ ಪುಡಿ ಹದವಾಗಿ ಕೆಂಪಾಗಲು ಕಾಲು ಗಂಟೆ ಸಾಕು. ನೀವು ಒಂದು ಗಂಟೆ ಇಟ್ಟಿದ್ದೀರಿ. ಬೆಳ್ಳುಳ್ಳಿಯಲ್ಲಿ ಸಕ್ಕರೆ ಅಂಶವಿದೆ, ಅದು ಕರಿದಾಗಿ ಕಹಿಯಾಗುವುದು ಇನ್ನೂ ಬೇಗ. ಸಾಲದ್ದಕ್ಕೆ ಫ್ಯಾನ್ ಓವನ್ನಿನ 200 ಎಂದರೆ ಸಾಮಾನ್ಯ ಓವನ್ನಿನ 220. ಪಾಕವಿಧಾನದಲ್ಲಿ ಯಾವ ಓವನ್ ಎಂದು ಬರೆದಿಲ್ಲದಿದ್ದರೆ 20 ಡಿಗ್ರಿ ಇಳಿಸಿಯೇ ಶುರು ಮಾಡಿ.

ನಡುವೆ ತಣ್ಣಗಿತ್ತು ಎನ್ನುತ್ತೀರಿ. ಒಂದು ಗಂಟೆಯ ನಂತರವೂ ತಣ್ಣಗಿತ್ತೆಂದರೆ ಅದು ಫ್ರೀಜರಿನಿಂದ ಬಂದ ತುಂಡು, ಪೂರ್ತಿ ಕರಗಿರಲಿಲ್ಲ ಎಂಬುದೇ ಹತ್ತಿರದ ಊಹೆ. ಇಷ್ಟು ಗಾತ್ರದ್ದು ಫ್ರಿಜ್ಜಿನಲ್ಲಿ ಕರಗಲು ಒಂದು ಹಗಲು ಒಂದು ರಾತ್ರಿ ಬೇಕು. ನಡುವಿಗೆ ಕಡ್ಡಿ ಚುಚ್ಚಿ ನೋಡಿ. ಗಟ್ಟಿಯಾದದ್ದೇನಾದರೂ ತಾಗಿದರೆ ಇನ್ನೂ ಮಂಜಿದೆ.

ಇನ್ನು ಜಾರಿದ ಪದರ. ಬ್ರಿಟನ್ನಿನ ಅಂಗಡಿಗಳಲ್ಲಿ ಟಾಪ್‌ಸೈಡ್ ಮೇಲೆ ಬೇರೆ ಕಡೆಯ ಕೊಬ್ಬಿನ ಹಾಳೆಯೊಂದನ್ನು ಹೊದಿಸಿ ದಾರ ಕಟ್ಟಿರುತ್ತಾರೆ. ಟಾಪ್‌ಸೈಡ್‌ನಲ್ಲಿ ತನ್ನದೇ ಕೊಬ್ಬು ಕಡಿಮೆ, ಅದಕ್ಕೆ ಈ ಉಪಾಯ. ನೀವು ಸೊಪ್ಪು ಮೆತ್ತಿದ್ದು ಮಾಂಸಕ್ಕಲ್ಲ, ಆ ಹಾಳೆಗೆ. ಕೊಬ್ಬು ಕರಗುತ್ತಿದ್ದಂತೆ ಪದರ ಎಣ್ಣೆಯ ಮೇಲೆ ತೇಲಿತು, ಚಾಕು ತಾಗಿದಾಗ ಜಾರಿತು. ಮುಂದಿನ ಸಲ ಸಣ್ಣ ಉರಿಯ ಹಂತದಲ್ಲಿ ಕೊಬ್ಬಿನ ಹಾಳೆ ಇರಲಿ, ಅದು ಮಾಂಸ ಕಾಯುತ್ತದೆ. ಆ ಹಂತ ಮುಗಿದ ಮೇಲೆ ದಾರ ಕತ್ತರಿಸಿ, ಹಾಳೆಯನ್ನು ಎತ್ತಿ ಬದಿಗಿಟ್ಟು, ಬರಿ ಮಾಂಸಕ್ಕೆ ಸಾಸಿವೆ ಸವರಿ ಸೊಪ್ಪು ಒತ್ತಿ. ತೆಗೆದ ಕೊಬ್ಬನ್ನು ಎಸೆಯಬೇಡಿ, ಆಲೂಗಡ್ಡೆ ಹುರಿಯಲು ಅದಕ್ಕಿಂತ ಒಳ್ಳೆಯದು ಇಲ್ಲ.

ಕೊಬ್ಬಿಲ್ಲದೆಯೂ ಪದರ ಕಳಚುವುದುಂಟು. ಮಾಂಸ ಒದ್ದೆಯಿದ್ದರೆ, ಸಾಸಿವೆ ದಪ್ಪವಾದರೆ, ಪದರವೇ ಒಂದು ಸೆಂ.ಮೀ. ಆದರೆ ಹಾಗಾಗುತ್ತದೆ. ಫಾಯಿಲ್ ಬಿಗಿಯಾಗಿ ಮುಚ್ಚಿಟ್ಟರಂತೂ ಕೆಳಗಿನಿಂದ ಎದ್ದ ಹಬೆ ಹತ್ತು ನಿಮಿಷದಲ್ಲಿ ಗರಿಗರಿ ಬ್ರೆಡ್ಡನ್ನು ಉಪ್ಪಿಟ್ಟು ಮಾಡಿಬಿಡುತ್ತದೆ. ಸೊಪ್ಪು ಹಾಕಿದ ಮೇಲೆ ಫಾಯಿಲ್ ಬೇಡವೇ ಬೇಡ. ಬಿಡುವು ಕೊಡುವುದೇನಿದ್ದರೂ ಸೊಪ್ಪು ಹಾಕುವ ಮುಂಚೆ ಮುಗಿದಿರಬೇಕು.

ಪ್ರಶ್ನೆ: ಇಲ್ಲಿ ಸಿಗುವುದು ಎಮ್ಮೆ ಮಾಂಸ. ಯೂಟ್ಯೂಬ್ ನೋಡಿ 1 ಕೆ.ಜಿ. ತೊಡೆಯ ತುಂಡನ್ನು ಓಟಿಜಿಯಲ್ಲಿ (ಮೇಜಿನ ಮೇಲಿಡುವ ಸಣ್ಣ ಓವನ್) 180ಕ್ಕೆ ಎರಡು ಗಂಟೆ ಇಟ್ಟರೆ ಚಪ್ಪಲಿಯ ಅಟ್ಟೆಯಂತಾಯಿತು. ಪಪ್ಪಾಯಿ ಹಚ್ಚಬೇಕಿತ್ತೇ? ಇನ್ನೂ ಹೊತ್ತು ಇಡಬೇಕಿತ್ತೇ? (ಮಂಗಳೂರು)

ಉತ್ತರ: ಪಪ್ಪಾಯಿಯೂ ಉಳಿಸುತ್ತಿರಲಿಲ್ಲ, ಹೊತ್ತೂ ಉಳಿಸುತ್ತಿರಲಿಲ್ಲ. ನೀವು ನೋಡಿದ ವಿಡಿಯೋದ ಮಾಂಸವೇ ಬೇರೆ. ಅಲ್ಲಿಯದು ಸಾಮಾನ್ಯವಾಗಿ ಎರಡು ವರ್ಷದ ಆಸುಪಾಸಿನ, ಚೆನ್ನಾಗಿ ಮೇಯಿಸಿದ ದನದ್ದು. ಎಳೆಗಳ ನಡುವೆಯೇ ಕೊಬ್ಬಿನ ಗೆರೆ ಇರುತ್ತದೆ. ಕರ್ನಾಟಕದಲ್ಲಿ 2020ರ ಕಾಯ್ದೆಯಂತೆ ವಧೆಗೆ ಅವಕಾಶವಿರುವುದು 13 ವರ್ಷ ದಾಟಿದ ಎಮ್ಮೆ-ಕೋಣಗಳಿಗೆ ಮಾತ್ರ. ಅಷ್ಟು ವರ್ಷ ನಡೆದಾಡಿದ ಕಾಲಿನ ಮಾಂಸದಲ್ಲಿ ನಾರು ಗಟ್ಟಿ, ಒಳಗೊಬ್ಬು ಇಲ್ಲವೇ ಇಲ್ಲ ಎನ್ನಬೇಕು. ಬಣ್ಣ ಕಡುಗೆಂಪು, ಅಂಚಿನ ಕೊಬ್ಬು ಹಾಲಿನಂತೆ ಬಿಳಿ. ಇದಕ್ಕೆ ಒಣ ಬಿಸಿ ಕೊಟ್ಟರೆ ನೀರು ಹೋಗುತ್ತದೆ, ನಾರು ಉಳಿಯುತ್ತದೆ. ನಾರು ಕರಗಿ ಜಿಲಾಟಿನ್ ಎಂಬ ಮೆತ್ತನೆ ಅಂಟಾಗಲು ಬೇಕಾದದ್ದು ತೇವ, ಬಿಸಿ ಮತ್ತು ಹೊತ್ತು. ಇವು ಮೂರನ್ನೂ ಕೊಡುವ ಪಾತ್ರೆ ನಿಮ್ಮ ಮನೆಯಲ್ಲೇ ಇದೆ, ಕುಕ್ಕರ್. ಕರಾವಳಿಯ ಕ್ರೈಸ್ತ ಮನೆಗಳಲ್ಲಿ ಇಡೀ ತುಂಡನ್ನು ಪಾತ್ರೆಯಲ್ಲೇ ಮುಚ್ಚಿ ಬೇಯಿಸಿ ರೋಸ್ಟ್ ಮಾಡುವ ರೂಢಿ ಹಿಂದಿನಿಂದಲೂ ಇರುವುದು ಸುಮ್ಮನೆ ಅಲ್ಲ.

ಪಪ್ಪಾಯಿ ವಿಷಯ: ಅದರಲ್ಲಿರುವ, ಮಾಂಸ ಮೆತ್ತಗಾಗಿಸುವ ಪಪೈನ್ ಎಂಬ ಅಂಶ ಮಾಂಸದೊಳಗೆ ಇಳಿಯುವುದು ಕೆಲವೇ ಮಿ.ಮೀ. ಸಣ್ಣ ತುಂಡುಗಳ ಸುಕ್ಕಾಕ್ಕೆ ಸರಿ. ದೊಡ್ಡ ಗಟ್ಟಿಗೆ ಹಚ್ಚಿದರೆ ಒಳಗು ಹಾಗೇ ಗಡಸು, ಹೊರಗು ಮಾತ್ರ ಕೊಳೆತಂತೆ ಮೆತ್ತಗಾಗುತ್ತದೆ. ಸೊಪ್ಪಿಗೆ ಹಿಡಿದುಕೊಳ್ಳಲು ಆ ಮೆತ್ತನೆ ಮೈಯಲ್ಲಿ ಏನೂ ಇರುವುದಿಲ್ಲ.

ಮಾಂಸ ತಂದ ಮೇಲೆ ಮಾಡುವ ಇನ್ನೊಂದು ತಪ್ಪು, ನೇರ ಫ್ರೀಜರಿಗೆ ಹಾಕುವುದು. ಬೆಳಿಗ್ಗೆ ಕಡಿದ ಮಾಂಸ ಕೆಲವೇ ಗಂಟೆಯೊಳಗೆ ತೀರಾ ತಣ್ಣಗಾದರೆ ಎಳೆಗಳು ಬಿಗಿದು ಮುದುಡುತ್ತವೆ. ಆ ಗಡಸುತನ ಆಮೇಲೆ ಬೇಯಿಸಿದರೂ ಪೂರ್ತಿ ಹೋಗುವುದಿಲ್ಲ. ದೊಡ್ಡ ಗಟ್ಟಿಯಾಗಿಯೇ ತಂದು ಫ್ರಿಜ್ಜಿನ ಕೆಳತಟ್ಟಿನಲ್ಲಿ ಎರಡು ದಿನ ಇಡಿ, ಎರಡನೇ ದಿನ ಉಪ್ಪು ಹಚ್ಚಿ.

ವಿಧಾನ ಹೀಗೆ. 1.2 ಕೆ.ಜಿ. ತೊಡೆಯ ಗಟ್ಟಿ, ದಾರ ಕಟ್ಟಿ ದುಂಡಗೆ ಮಾಡಿದ್ದು. ಉಪ್ಪು 15 ಗ್ರಾಂ, ಕಾಳುಮೆಣಸಿನ ಪುಡಿ ಒಂದು ಟೀ ಚಮಚ, ವಿನೆಗರ್ ಒಂದು ದೊಡ್ಡ ಚಮಚ ಹಚ್ಚಿ ರಾತ್ರಿ ಫ್ರಿಜ್ಜಿನಲ್ಲಿಡಿ. ಮರುದಿನ ಒರೆಸಿ, 5 ಲೀಟರ್ ಕುಕ್ಕರಿನಲ್ಲಿ ಎರಡು ದೊಡ್ಡ ಚಮಚ ಎಣ್ಣೆ ಕಾಯಿಸಿ, ಪ್ರತಿ ಬದಿಯನ್ನೂ ಎರಡೆರಡು ನಿಮಿಷ ಅಲುಗಿಸದೆ ಕೆಂಪಗೆ ಹುರಿಯಿರಿ. ಹೆಚ್ಚಿದ ಈರುಳ್ಳಿ ಎರಡು, ಕ್ಯಾರೆಟ್ ಒಂದು, ಬೆರಳುದ್ದ ಚಕ್ಕೆ, ಲವಂಗ ನಾಲ್ಕು, ಇಡಿ ಕಾಳುಮೆಣಸು ಹತ್ತು ಹಾಕಿ, ಒಂದೂವರೆ ಕಪ್ ನೀರೆರೆಯಿರಿ. ಒಂದು ವಿಷಲ್ ಕೂಗಿದ ಮೇಲೆ ಉರಿ ತೀರಾ ಸಣ್ಣ ಮಾಡಿ 45 ನಿಮಿಷ. ಪ್ರೆಶರ್ ತಾನಾಗಿಯೇ ಇಳಿಯಲಿ. ಅವಸರಕ್ಕೆ ವಿಷಲ್ ಎತ್ತಿ ಆವಿ ಬಿಟ್ಟರೆ ಒಳಗಿನ ರಸ ಒಮ್ಮೆಲೇ ಕುದಿದು ಹೊರಬರುತ್ತದೆ, ಮಾಂಸ ಒಣಗುತ್ತದೆ. ಕಡ್ಡಿ ಚುಚ್ಚಿದರೆ ತಡೆಯಿಲ್ಲದೆ ಇಳಿಯಬೇಕು. ಇಳಿಯದಿದ್ದರೆ ಇನ್ನೊಂದು 15 ನಿಮಿಷ. ತೀರಾ ಬೆಂದು ಎಳೆ ಬಿಡುವಷ್ಟಾದರೂ ಕಷ್ಟ, ಚಾಕುವಿಗೆ ನಿಲ್ಲುವುದಿಲ್ಲ.

ಅದೇ ರಸದಲ್ಲಿ ಆರಲು ಬಿಡಿ, ಆರಿದ ಕೂಡಲೇ ರಸದ ಸಮೇತ ಫ್ರಿಜ್ಜಿಗೆ. ಬೆಳಿಗ್ಗೆ ನೋಡಿದರೆ ಗಟ್ಟಿ ಇಟ್ಟಿಗೆಯಂತಾಗಿರುತ್ತದೆ, ರಸ ಜೆಲ್ಲಿಯಂತೆ ಹೆಪ್ಪುಗಟ್ಟಿರುತ್ತದೆ. ದಾರ ಬಿಚ್ಚಿ, ಮಾಂಸವನ್ನು ಟ್ರೇಗಿಟ್ಟು, ಎರಡು ಸೌಟು ರಸ ಸುರಿದು, ಫಾಯಿಲ್ ಮುಚ್ಚಿ, ಓಟಿಜಿಯಲ್ಲಿ 150 ಡಿಗ್ರಿಗೆ ಮುಕ್ಕಾಲು ಗಂಟೆ ಬಿಸಿ ಮಾಡಿ. ನಡುವೆ 75 ಡಿಗ್ರಿ ಬಂದರೆ ಸಾಕು. ಈಗ ಸೊಪ್ಪಿನ ಸರದಿ. ಮೇಲ್ಮೈ ಒರೆಸಿ, ಸಾಸಿವೆ ಸವರಿ, ಪದರ ಒತ್ತಿ, 220ಕ್ಕೆ ಏರಿಸಿ 8-10 ನಿಮಿಷ. ಓಟಿಜಿಯ ಮೇಲಿನ ರಾಡ್ ಮಾಂಸಕ್ಕೆ ತೀರಾ ಹತ್ತಿರ ಇರುತ್ತದೆ, ಸುಡುವುದು ಅಲ್ಲೇ. ಪದರಕ್ಕೂ ರಾಡಿಗೂ ಕನಿಷ್ಠ ಒಂದು ಗೇಣಿನ ಅರ್ಧದಷ್ಟು ಅಂತರ ಸಿಗುವಂತೆ ಕೆಳಗಿನ ತಟ್ಟಿನಲ್ಲಿಡಿ, ಬಾಗಿಲ ಬಳಿ ನಿಂತು ನೋಡಿ. ಕರಾವಳಿಯ ಬಫತ್ ಮಸಾಲೆ ಪುಡಿಯನ್ನು ಪದರಕ್ಕೆ ಸೇರಿಸುವ ಆಸೆ ನಿಮಗೆ ಬಂದೇ ಬರುತ್ತದೆ. ಅದರಲ್ಲಿ ಮೆಣಸಿನಕಾಯಿ ಹೆಚ್ಚು, ಜೋರು ಉರಿಗೆ ಕಹಿಯಾಗುತ್ತದೆ. ಅದನ್ನು ಕುಕ್ಕರಿನ ರಸಕ್ಕೆ ಹಾಕಿ.

ಪ್ರಶ್ನೆ: ಮೊದಲು ಬಾಣಲೆಯಲ್ಲಿ ಹುರಿದರೆ ರಸ ಒಳಗೇ ಬಂಧಿಯಾಗುತ್ತದಲ್ಲವೇ? ನೀವು ಕೊನೆಯಲ್ಲಿ ಉರಿ ಜೋರು ಮಾಡಿ ಎನ್ನುತ್ತೀರಿ. (ದುಬೈ)

ಉತ್ತರ: ಬಂಧಿಯಾಗುವುದಿಲ್ಲ. ಜರ್ಮನಿಯ ರಸಾಯನಶಾಸ್ತ್ರಜ್ಞ ಲೀಬಿಗ್ 19ನೇ ಶತಮಾನದಲ್ಲಿ ಹರಡಿದ ಈ ವಿಚಾರ ಸುಳ್ಳೆಂದು ಗೊತ್ತಾಗಿ ಬಹಳ ಕಾಲವಾಯಿತು. ಅಡುಗೆಮನೆಯಲ್ಲಿ ಮಾತ್ರ ಇನ್ನೂ ಬದುಕಿದೆ. ಹುರಿದ ಮಾಂಸ ಬಾಣಲೆಯಲ್ಲಿ ಚುರ್ ಎನ್ನುತ್ತಲೇ ಇರುವುದು ರಸ ಹೊರಬರುತ್ತಿರುವುದರಿಂದಲೇ. ಹುರಿಯುವುದು ಪರಿಮಳಕ್ಕೆ, ಬಣ್ಣಕ್ಕೆ. ಆ ಪರಿಮಳ ಹುಟ್ಟಲು ಮೇಲ್ಮೈ 140 ಡಿಗ್ರಿ ದಾಟಬೇಕು. ಒದ್ದೆಯಿದ್ದರೆ 100ರ ಮೇಲೆ ಏರುವುದೇ ಇಲ್ಲ. ಸಣ್ಣ ಉರಿಯಲ್ಲಿ ಎರಡು ಗಂಟೆ ಒಣಗಿದ ಮೈ ಕೊನೆಯಲ್ಲಿ ಬೇಗ ಕೆಂಪಾಗುತ್ತದೆ, ಒಳಗೆ ಬಿಸಿ ಇಳಿಯಲು ಸಮಯವೇ ಸಿಗುವುದಿಲ್ಲ. ಕೊಯ್ದಾಗ ಅಂಚಿನ ಸುತ್ತ ಕಾಣುವ ಬೂದುಬಣ್ಣದ ಒಣ ಪಟ್ಟಿ ತೆಳ್ಳಗಾಗುವುದು ಇದರಿಂದ. ಸೊಪ್ಪಿನ ಪದರ ಹಾಕುವಾಗ ಬಾಣಲೆಯ ಹುರಿತ ಬಿಟ್ಟರೂ ನಡೆಯುತ್ತದೆ.

ದುಬೈಯವರಿಗೆ ಇನ್ನೊಂದು ಮಾತು: ಪ್ಯಾಕೆಟ್ ಮೇಲೆ ಯಾವ ದೇಶ ಎಂದು ಓದಿ. ಭಾರತದಿಂದ ಬರುವ ಫ್ರೋಜನ್ 'ಬೀಫ್' ಎಮ್ಮೆಯದು. ಅದಾದರೆ ಮೇಲಿನ ಮಂಗಳೂರಿನ ಉತ್ತರ ನಿಮಗೂ ಅನ್ವಯ.

ಪ್ರಶ್ನೆ: ರೋಸ್‌ಮೆರಿ, ಥೈಮ್ ಯಾವಾಗಲೂ ಸಿಗುವುದಿಲ್ಲ, ಸಿಕ್ಕಾಗ ದುಬಾರಿ. ಬದಲಿಗೆ ಏನು ಹಾಕಬಹುದು? ಜೊತೆಗೆ, ಹೊಸ ಥರ್ಮಾಮೀಟರನ್ನು ಕುದಿವ ನೀರಿಗೆ ಅದ್ದಿದರೆ 97 ತೋರಿಸುತ್ತದೆ. ಹಾಳಾಗಿದೆಯೇ? (ಬೆಂಗಳೂರು)

ಉತ್ತರ: ಥರ್ಮಾಮೀಟರ್ ಸರಿಯಾಗಿಯೇ ಇದೆ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿದೆ, ಅಲ್ಲಿ ನೀರು ಕುದಿಯುವುದೇ 97ರಲ್ಲಿ. ಖಾತ್ರಿಗೆ ಒಂದು ಲೋಟ ತುಂಬ ಪುಡಿ ಐಸ್ ಹಾಕಿ, ಸಂದು ತುಂಬುವಷ್ಟು ನೀರು ಸೇರಿಸಿ ಕಲಕಿ, ಮೊನೆ ನಡುವಲ್ಲಿ ಹಿಡಿಯಿರಿ. ಸೊನ್ನೆ ತೋರಿಸಬೇಕು.

ಥೈಮ್‌ಗೆ ಬದಲಿ ನಿಮ್ಮ ಬಾಲ್ಕನಿಯ ಕುಂಡದಲ್ಲೇ ಇರಬಹುದು: ದೊಡ್ಡಪತ್ರೆ. ಥೈಮ್, ಆರೆಗಾನೋಗಳಿಗೆ ಅವುಗಳ ವಾಸನೆ ಕೊಡುವ ಥೈಮಾಲ್, ಕಾರ್ವಕ್ರಾಲ್ ಎಂಬ ಎಣ್ಣೆಗಳೇ ದೊಡ್ಡಪತ್ರೆಯಲ್ಲೂ ಇವೆ. ತೊಡಕು ಅದರ ನೀರು. ಹಸಿಯಾಗಿ ಹೆಚ್ಚಿ ಹಾಕಿದರೆ ಬ್ರೆಡ್ ಪುಡಿ ಹಿಟ್ಟಾಗುತ್ತದೆ. ಎಂಟು-ಹತ್ತು ಎಲೆ ಸಣ್ಣಗೆ ಹೆಚ್ಚಿ, ಒಣ ಬಾಣಲೆಯಲ್ಲಿ ಸಣ್ಣ ಉರಿಗೆ ನೀರಾರುವವರೆಗೆ ಬಾಡಿಸಿ, ಆರಿದ ಮೇಲೆ ಬೆರೆಸಿ. ಅದೂ ಇಲ್ಲದಿದ್ದರೆ ಓಮಿನ ಕಾಳು ಕಾಲು ಟೀ ಚಮಚ, ಅಂಗೈಯಲ್ಲಿ ಉಜ್ಜಿ ಹಾಕಿ. ಕಾಲು ಚಮಚ ದಾಟಬೇಡಿ, ಹೊಟ್ಟೆನೋವಿನ ಕಷಾಯದ ನೆನಪಾಗುತ್ತದೆ.

ರೋಸ್‌ಮೆರಿಗೆ ನಿಜವಾದ ಬದಲಿ ಇಲ್ಲ. ಒಣಗಿದ್ದು ಸಿಗುತ್ತದೆ, ಹಸಿಯದರ ಮೂರನೇ ಒಂದು ಭಾಗ ಸಾಕು, ಆದರೆ ಸೂಜಿಯಂತೆ ಹಲ್ಲಿಗೆ ಚುಚ್ಚುತ್ತದೆ, ಪುಡಿ ಮಾಡಿ ಕರಗಿದ ಬೆಣ್ಣೆಯಲ್ಲಿ ಹತ್ತು ನಿಮಿಷ ನೆನೆಸಿ ಹಾಕಿ. ಅದರ ಬದಲು ಬೇರೆಯದೇ ರುಚಿ ಒಪ್ಪುವುದಾದರೆ ಎಣ್ಣೆಯಲ್ಲಿ ಗರಿಗರಿ ಕರಿದು ಪುಡಿಮಾಡಿದ ಕರಿಬೇವು ಬಹಳ ಚೆನ್ನಾಗಿ ಹೊಂದುತ್ತದೆ. ಪಾರ್ಸ್ಲಿ ಬದಲಿಗೆ ಕೊತ್ತಂಬರಿ ಹಾಕಿದರೆ ಹಸಿರು ಬರುತ್ತದೆ, ಘಮ ಉರಿಯಲ್ಲಿ ಹಾರಿಹೋಗುತ್ತದೆ. ಪುದೀನ ಬೇಡ, ಕಪ್ಪಾಗುತ್ತದೆ.

ಪ್ರಶ್ನೆ: ಕೊಯ್ದಾಗ ತಟ್ಟೆ ತುಂಬ ರಕ್ತ. ಮನೆಯವರು ಮುಟ್ಟಲಿಲ್ಲ. (ಮ್ಯೂನಿಕ್)

ಉತ್ತರ: ಅದು ರಕ್ತವಲ್ಲ. ಮಾಂಸಖಂಡದಲ್ಲಿರುವ ಮಯೋಗ್ಲೋಬಿನ್ ಎಂಬ ಕೆಂಪು ಪ್ರೋಟೀನು ನೀರಿನಲ್ಲಿ ಬೆರೆತದ್ದು. 60 ಡಿಗ್ರಿ ದಾಟುತ್ತಿದ್ದಂತೆ ಅದರ ಬಣ್ಣ ಕಂದಿಗೆ ತಿರುಗತೊಡಗುತ್ತದೆ. ನೋಡಲು ಇಷ್ಟವಾಗದವರಿಗೆ 65ರವರೆಗೆ ಬೇಯಿಸಿ. ಕೊಬ್ಬಿರುವ ಭಾಗವಾದರೆ ಅಷ್ಟಕ್ಕೂ ಮೃದುವಾಗಿಯೇ ಇರುತ್ತದೆ. ತಟ್ಟೆ ತುಂಬುವಷ್ಟು ಹರಿಯಿತೆಂದರೆ ಒಲೆಯಿಂದ ತೆಗೆದವರೇ ಕೊಯ್ದಿದ್ದೀರಿ.

ಪ್ರಶ್ನೆ: ಮನೆಯಲ್ಲಿ ಗರ್ಭಿಣಿ ಮಗಳಿದ್ದಾಳೆ, ಮೂರು ವರ್ಷದ ಮೊಮ್ಮಗನಿದ್ದಾನೆ. ಒಳಗೆ ಕೆಂಪಿರುವ ಮಾಂಸ ಕೊಡಬಹುದೇ? ನೆಂಟರು ಬರುವುದು ಒಂದು ಗಂಟೆ ತಡವಾದರೆ ಏನು ಮಾಡಲಿ? (ಸಿಡ್ನಿ)

ಉತ್ತರ: ಕೊಡಬೇಡಿ. ಗರ್ಭಿಣಿಯರಿಗೆ ಅರೆಬೆಂದ ಮಾಂಸದಿಂದ ಟಾಕ್ಸೊಪ್ಲಾಸ್ಮಾ ಎಂಬ ಪರೋಪಜೀವಿಯ ಸೋಂಕಿನ ಭಯವಿದೆ, ಅದು ಮಗುವಿಗೂ ತಾಗಬಹುದು. ಅವರಿಬ್ಬರ ಪಾಲು ಕೆಂಪು ಉಳಿಯದಂತೆ, ನಡುವೆ 71 ಡಿಗ್ರಿ ದಾಟಿ ಬೇಯಲಿ. ಇದಕ್ಕೆ ಎರಡು ರೋಸ್ಟ್ ಬೇಕಿಲ್ಲ. ತುದಿಯ ಎರಡು ದಪ್ಪ ಹೋಳು ಕೊಯ್ದು, ಕುದಿಯುವ ಗ್ರೇವಿಯಲ್ಲಿ ಮೂರ್ನಾಲ್ಕು ನಿಮಿಷ ಮುಳುಗಿಸಿ, ಥರ್ಮಾಮೀಟರ್ ಚುಚ್ಚಿ ನೋಡಿ.

ಉಳಿದವರ ಪಾಲಿನಲ್ಲೂ ಒಂದು ಎಚ್ಚರ ಬೇಕು. ಇಡೀ ತುಂಡಿನಲ್ಲಿ ಕ್ರಿಮಿಗಳು ಇರುವುದು ಸಾಮಾನ್ಯವಾಗಿ ಹೊರಮೈಯಲ್ಲಿ, ಅವು ಉರಿಗೆ ಸಾಯುತ್ತವೆ. ಆದರೆ ಅಂಗಡಿಯವರು ಮೂಳೆ ಬಿಡಿಸಿ ಸುತ್ತಿ ಕಟ್ಟಿದ ತುಂಡಿನಲ್ಲಿ, ಮೃದುವಾಗಲೆಂದು ಸೂಜಿ ಚುಚ್ಚಿದ ತುಂಡಿನಲ್ಲಿ ಹೊರಮೈ ಒಳಗೆ ಹೋಗಿರುತ್ತದೆ. ಅಂಥದ್ದನ್ನು ಕೆಂಪಗೆ ಉಳಿಸಬೇಡಿ.

ತಡವಾಗುವ ನೆಂಟರಿಗೆ ಎರಡು ಹಂತದ ವಿಧಾನದಷ್ಟು ಒಗ್ಗುವುದು ಇನ್ನೊಂದಿಲ್ಲ. ಸಣ್ಣ ಉರಿಯ ಹಂತ ಮುಗಿದ ಮಾಂಸವನ್ನು ಸಡಿಲವಾಗಿ ಫಾಯಿಲ್ ಹೊದಿಸಿ ಒಂದು ಗಂಟೆ ಹೊರಗೆ ಬಿಟ್ಟರೂ ತೊಂದರೆಯಿಲ್ಲ. ಸೊಪ್ಪು ಒತ್ತುವುದು ನೆಂಟರು ಬಂದು ಚಪ್ಪಲಿ ಬಿಟ್ಟ ಮೇಲೆ. ಕಲಸಿದ ಸೊಪ್ಪನ್ನು ಬೆಳಿಗ್ಗೆಯೇ ಮಾಡಿ ಫ್ರಿಜ್ಜಿನಲ್ಲಿಡಬಹುದು. ಬೆಳ್ಳುಳ್ಳಿ ನಿಂಬೆ-ಸಾಸಿವೆಯ ಹುಳಿಗೆ ತಾಗಿ ನೀಲಿ-ಹಸಿರಾದರೆ ಗಾಬರಿ ಬೇಡ, ತಿನ್ನಲು ಅಡ್ಡಿಯಿಲ್ಲ.

ಪ್ರಶ್ನೆ: ಟ್ರೇಗೆ ಇಳಿದ ರಸ ಪ್ರತಿ ಸಲ ಸುಟ್ಟು ಅಂಟುತ್ತದೆ, ಗ್ರೇವಿ ಆಗುವುದಿಲ್ಲ. ಉಳಿದ ಮಾಂಸ ಮರುದಿನ ಬಿಸಿ ಮಾಡಿದರೆ ರಬ್ಬರ್. (ಲಂಡನ್)

ಉತ್ತರ: ಟ್ರೇ ದೊಡ್ಡದಾಯಿತು. ಮಾಂಸಕ್ಕಿಂತ ನಾಲ್ಕು ಬೆರಳು ಅಗಲವಿದ್ದರೆ ಸಾಕು. ಅದರೊಳಗೆ ದಪ್ಪ ಹೋಳು ಮಾಡಿದ ಈರುಳ್ಳಿ ಹರಡಿ, ಒಂದು ಲೋಟ ನೀರು ಸುರಿಯಿರಿ, ಆರುತ್ತಾ ಬಂದರೆ ಮತ್ತೆ ಅರ್ಧ ಲೋಟ. ಸೊಪ್ಪು ಹಾಕಿ ಜೋರು ಉರಿಗಿಡುವ ಮುಂಚೆ ಮಾಂಸವನ್ನು ಬೇರೆ ಟ್ರೇಗೆ ವರ್ಗಾಯಿಸಿ. ಗ್ರೇವಿಯ ರಸವನ್ನು ಆ ಹತ್ತು ನಿಮಿಷದ ಉರಿಗೆ ಒಡ್ಡಲೇಬೇಡಿ. ರಸ ಸೋಸಿ, ಮೇಲೆ ತೇಲಿದ ಕೊಬ್ಬಿನಲ್ಲಿ ಎರಡು ದೊಡ್ಡ ಚಮಚ ಬಾಣಲೆಗೆ ಹಾಕಿ, ಅಷ್ಟೇ ಮೈದಾ ಸೇರಿಸಿ ಎರಡು ನಿಮಿಷ ಹುರಿದು, ಉಳಿದ ರಸಕ್ಕೆ ಸ್ಟಾಕ್ (ಮೂಳೆ ಬೇಯಿಸಿದ ನೀರು) ಸೇರಿಸಿ ಅರ್ಧ ಲೀಟರ್ ಮಾಡಿ ಸ್ವಲ್ಪ ಸ್ವಲ್ಪವೇ ಎರೆಯುತ್ತಾ ಕಲಕಿ. ಹತ್ತು ನಿಮಿಷ ಕುದಿಸಿದ ಮೇಲೆ ಉಪ್ಪು ನೋಡಿ. ಮೊದಲೇ ಹಾಕಿದರೆ ಬತ್ತಿದಾಗ ಉಪ್ಪುಪ್ಪಾಗುತ್ತದೆ.

ಉಳಿದದ್ದನ್ನು ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಿ, ಕೊಯ್ಯದೆ ಇಡೀ ತುಂಡಾಗಿಯೇ. ಮೂರು ದಿನ ತಡೆಯುತ್ತದೆ. ಮರುದಿನ ತಣ್ಣಗಿರುವಾಗಲೇ ಎಳೆಗೆ ಅಡ್ಡಲಾಗಿ ಕಾಗದದಷ್ಟು ತೆಳ್ಳಗೆ ಕೊಯ್ದು, ಸಾಸಿವೆ ಸವರಿದ ಬ್ರೆಡ್ಡಿನ ನಡುವೆ ತಣ್ಣಗೇ ತಿನ್ನುವುದು ನಮ್ಮ ಮಟ್ಟಿಗೆ ಮೊದಲ ದಿನದ ಊಟಕ್ಕಿಂತ ಒಂದು ಕೈ ಮೇಲು. ಬಿಸಿಯೇ ಬೇಕೆಂದರೆ ಮೈಕ್ರೋವೇವ್ ಬಿಡಿ, ಆ ತೆಳು ಹೋಳುಗಳನ್ನು ಕುದಿಯುವ ಗ್ರೇವಿಗೆ ಹಾಕಿ, ಹೊಗೆಯಾಡುವಷ್ಟು ಬಿಸಿಯಾದ ಕೂಡಲೇ ಇಳಿಸಿ. ಸೊಪ್ಪಿನ ಪದರ ಅಷ್ಟರಲ್ಲಿ ಮೆತ್ತಗಾಗಿರುತ್ತದೆ. ಅದನ್ನು ಚಮಚದಲ್ಲಿ ಕೆರೆದು ತೆಗೆದು ಬಾಣಲೆಯಲ್ಲಿ ಒಣಗಿಸಿ ಹುರಿದರೆ ಮತ್ತೆ ಗರಿಯಾಗುತ್ತದೆ, ಬಡಿಸುವಾಗ ಮೇಲೆ ಉದುರಿಸಿಕೊಳ್ಳಿ.